ಎಂಟು ಹತ್ತರ ಫೋಟೋ

"ತೆಗೀರಿ! ಸತ್ತೋಗಿದೀರಾ ಒಳಗೆ?"

ವೆಲ್ಡರ್ ಟಿಕೆಟ್ ಕಿಟಕಿಯ ತಗಡನ್ನು ಮುಷ್ಟಿಯಿಂದ ಗುದ್ದಿದ. ತಗಡು ಗಡಗಡ ಅಂದಿತು. ಒಳಗಿನಿಂದ ಸದ್ದಿಲ್ಲ. ಗೋಡೆಯ ಗಡಿಯಾರದಲ್ಲಿ ಬೆಳಗಿನ ಎಂಟು ಹತ್ತು. ರೈಲು ಎಂಟೂ ಕಾಲಿಗೆ. ಹಿಂದೆ ಹತ್ತು ಹನ್ನೆರಡು ಜನ ಸಾಲುಗಟ್ಟಿ ನಿಂತಿದ್ದರು, ನಿಂತೇ ಇದ್ದರು. ಬಾಗಿಲು ಮುಚ್ಚಿದವರಿಗಿಂತ, ಮುಚ್ಚಿದ ಬಾಗಿಲ ಮುಂದೆ ಕೈಕಟ್ಟಿ ನಿಲ್ಲುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಕೈ ಮುರ್ಕೋಬೇಡ್ವೋ," ಅಂದಳು ಹಿಂದಿದ್ದ ಅಜ್ಜಿ. "ಗಾಡಿ ಹತ್ತು. ಟಿಸಿ ಕೇಳೋಕೆ ಮುಂಚೆ ನೀನೇ ಹೋಗಿ ಟಿಕೆಟ್ ಕೇಳು. ಅವನೇ ಮೊದಲು ಕೇಳಿದ್ರೆ ದಂಡ. ಕಿಟಕಿ ಮುಚ್ಚಿತ್ತು ಅಂತ ಬಾಯಲ್ಲಿ ಹೇಳಿದ್ರೆ ನಂಬಲ್ಲ, ಫೋಟೋ ತೋರಿಸ್ಬೇಕು."

ಅವನು ಫೋಟೋ ತೆಗೆದ. ಮುಚ್ಚಿದ ತಗಡು, ಅದರ ಮೇಲೆ ಗಡಿಯಾರ. ಮುಳ್ಳುಗಳು ಕೂಡ ಸ್ಪಷ್ಟವಾಗಿ ಬಿದ್ದಿದ್ದವು.

ಈ ರೈಲು ತಪ್ಪಿದರೆ ಅಪ್ಪನ ಕೇಸು ಮಣ್ಣುಪಾಲು. ಸ್ಟೇಷನ್ ಪಕ್ಕದ ಗೂಡ್ಸ್ ಯಾರ್ಡಿನಲ್ಲಿ ಕ್ರೇನಿನ ಸರಪಳಿ ಹರಿದು ಅಪ್ಪನ ಕಾಲು ಜಜ್ಜಿಹೋಗಿ ಒಂದೂವರೆ ವರ್ಷ. ಕುಡಿದು ಬಂದು ಕ್ರೇನಿನ ಕೆಳಗೆ ನಿಂತಿದ್ದ ಎಂದು ಕಂಪನಿಯವರು ವರದಿ ಬರೆಸಿದ್ದರು. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಂಡು ರಸ್ತೆ ದಾಟುವ ಮನುಷ್ಯ! ಮಗ ಹೊರಡುವಾಗ ಅಪ್ಪ ಹಾಸಿಗೆಯಿಂದಲೇ ಅಂದಿದ್ದ: "ಪರಿಹಾರ ಹಾಳಾಗ್ಲಿ ಮಗಾ. ಕುಡುಕ ಅನ್ನೋ ಮಾತೊಂದನ್ನ ತೆಗೆಸಿ ಬಾ."

ಹನ್ನೊಂದಕ್ಕೆ ಕೊನೆಯ ವಿಚಾರಣೆ. ಅಪಘಾತವನ್ನು ಕಣ್ಣಾರೆ ಕಂಡವರೊಬ್ಬರು ಬಂದು ಸಾಕ್ಷಿ ಹೇಳುತ್ತಾರೆ ಎಂದು ವಕೀಲಮ್ಮ ಭರವಸೆ ಕೊಟ್ಟಿದ್ದರು. ಯಾರು ಎಂದು ಮಾತ್ರ ಬಾಯಿ ಬಿಟ್ಟಿರಲಿಲ್ಲ. "ನಿನ್ನ ನಾಲಗೆಗೆ ಬೀಗ ಇಲ್ಲ ಕಣಪ್ಪ. ಹೆಸರು ಹೊರಗೆ ಬಿದ್ರೆ ಕಂಪನಿಯೋರು ಅವರನ್ನ ಕೊಂಡ್ಕೋತಾರೆ, ಇಲ್ಲ ಹೆದರಿಸ್ತಾರೆ. ಅವರಿಗೂ ಹೇಳಿದೀನಿ, ಯಾರ ಹತ್ರಾನೂ ಉಸಿರೆತ್ತಬೇಡಿ ಅಂತ."

ರೈಲು ಹತ್ತಿದವನೇ ಟಿಸಿಯನ್ನು ಹುಡುಕಿಕೊಂಡು ಹೋಗಿ ಟಿಕೆಟ್ ಪಡೆದ. ದಂಡ ಬೀಳಲಿಲ್ಲ. ಸಿಟ್ಟೂ ಇಳಿಯಲಿಲ್ಲ. ಸೀಟಿಗೆ ಬಂದು ಮೊಬೈಲಿನಲ್ಲಿ ರೈಲ್ವೆಯವರಿಗೆ ದೂರು ಬರೆಯತೊಡಗಿದ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಬಯ್ಯಲು ಬೇಕಾದಷ್ಟು ಅಕ್ಷರ ಅಷ್ಟರಲ್ಲೇ ಕಲಿತಿದ್ದ.

ಎದುರು ಸೀಟಿನಲ್ಲಿ ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಮಂಡಿ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು.

"ಏನೋ ಭಾರೀ ಬರೀತಿದೀರಲ್ಲ?"

"ನೋಡಿ ನೀವೇ." ಫೋಟೋ ಅವರ ಮುಖಕ್ಕೇ ಹಿಡಿದ. "ಸಂಬಳಕ್ಕೆ ಕೈ ಚಾಚ್ತಾನೆ, ಟಿಕೆಟ್ ಕೊಡೋಕೆ ಮೈ ಬಗ್ಗಲ್ಲ. ಇಂಥವನನ್ನ ಮನೆಗೆ ಕಳಿಸ್ಬೇಕು."

ಅವರು ಬಹಳ ಹೊತ್ತು ನೋಡಿದರು. "ಅವನಿಗೂ ಏನೋ ಅರ್ಜೆಂಟು ಇದ್ದಿರಬಹುದು."

"ಏನು ಅರ್ಜೆಂಟು? ಮಾವನ ಮನೆ ಊಟಾನಾ?"

ಅಕ್ಕಪಕ್ಕದವರು ನಕ್ಕರು. ಹಿರಿಯರೂ ನಕ್ಕಂತೆ ಮಾಡಿದರು. "ಕೆಲವು ಕೆಲಸ ಒಂದೇ ದಿನಕ್ಕೆ ಬರತ್ತೆ. ಆ ದಿನ ಬಿಟ್ರೆ ಆಮೇಲೆ ಮಾಡಿಯೂ ದಂಡ."

"ಅಬ್ಬಾ! ಅವನೇನು ನಿಮ್ಮ ಒಡಹುಟ್ಟಿದೋನಾ?"

"ಹಂಗೇ ಅಂದ್ಕೊಳ್ಳಿ. ಕಳಿಸಿಬಿಟ್ರಾ?"

"ಕಳಿಸ್ದೆ!"

ಅವರು ಕಿಟಕಿಯಾಚೆ ತಿರುಗಿದರು.

ಮುಂದಿನ ಜಂಕ್ಷನ್ನಿನಲ್ಲಿ, ಅದೇ ದೂರನ್ನು ಮೊಬೈಲಿನಲ್ಲಿ ಹಿಡಿದು, ರೈಲ್ವೆ ಇನ್‌ಸ್ಪೆಕ್ಟರ್ ಬೋಗಿ ಹತ್ತಿದ. ಹಿಂದೆ ಬಂದ ಟಿಸಿ ನೇರವಾಗಿ ಎದುರು ಸೀಟಿನತ್ತ ಕೈ ತೋರಿಸಿದ.

"ಏನ್ರೀ, ಕಿಟಕಿ ಮುಚ್ಚಿ ಸವಾರಿ ಹೊರಟ್ರಾ?"

ವೆಲ್ಡರನ ಬಾಯಿ ತೆರೆದೇ ಇತ್ತು. ಆ ಕಿಟಕಿಯ ತೂತಿನಲ್ಲಿ ಜನ ದಿನವೂ ಕಂಡಿದ್ದು ಒಂದು ಕೈಯನ್ನಷ್ಟೆ. ಮುಖ ಯಾರಿಗೆ ಗೊತ್ತು?

ಹಿರಿಯರು ಎದ್ದು ನಿಂತರು. "ಮೂರು ಸಲ ರಜೆ ಕೇಳಿದ್ದೆ ಸಾರ್. ಕೊಡ್ಲಿಲ್ಲ. ಸಂಜೆ ಗಾಡಿಗೆ ವಾಪಸ್ ಬಂದ್ಬಿಡ್ತೀನಿ."

"ಹೋಗ್ತಿರೋದೆಲ್ಲಿಗೆ?"

"ಅದನ್ನ ಹೇಳೋ ಹಂಗಿಲ್ಲ."

"ಓಹೋ! ಇಳೀರಿ ಕೆಳಗೆ. ಹೇಳಿಕೆ ಬರೆದುಕೊಟ್ಟು ಬಂದ ದಾರೀಲೇ ಹೋಗಿ ಕಿಟಕಿ ತೆಗೀರಿ. ಮಿಕ್ಕಿದ್ದು ಸಾಹೇಬರು ನೋಡ್ಕೋತಾರೆ."

"ಸಾರ್, ಇವತ್ತೊಂದು ದಿನ…"

ಇನ್‌ಸ್ಪೆಕ್ಟರ್ ತೋಳು ಹಿಡಿದ. ಯಾರೋ ಚಪ್ಪಾಳೆ ತಟ್ಟಿದರು, ಇನ್ಯಾರೋ ವೆಲ್ಡರನ ಬೆನ್ನು ತಟ್ಟಿದರು. ದೊಡ್ಡವರ ಕಡೆಯ ಮನುಷ್ಯನೊಬ್ಬ ತನ್ನ ಮಾತಿಗೆ ತಲೆ ತಗ್ಗಿಸಿ ಇಳಿಯುವುದನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ.

"ಮುಗೀತಾ ಸ್ವಾಮಿ ಅರ್ಜೆಂಟು?" ಎಂದು ಬಾಗಿಲಿಂದ ಕೂಗಿದ.

"ಮುಗೀತಪ್ಪ," ಅಂದರು ಪ್ಲಾಟ್‌ಫಾರಮ್ಮಿನಲ್ಲಿ ನಿಂತವರು.

ವಿಚಾರಣೆಯ ಕೋಣೆಯಲ್ಲಿ ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ವಕೀಲಮ್ಮ ಮೆಟ್ಟಿಲಿನ ತನಕ ನಾಲ್ಕು ಸಲ ಹೋಗಿ ಬಂದರು. ಕಂಪನಿಯ ವಕೀಲ ಉಗುರು ನೋಡಿಕೊಳ್ಳುತ್ತ ಕೂತಿದ್ದ. ಹನ್ನೆರಡಕ್ಕೆ ಅಧಿಕಾರಿ ಕಡತ ಮುಚ್ಚಿದ. ಸಾಕ್ಷಿ ಹಾಜರಿಲ್ಲ, ಹಳೆಯ ವರದಿಯೇ ಕಾಯಂ. ಅಪ್ಪ ಕುಡುಕನಾಗಿಯೇ ಉಳಿದ.

ಹೊರಗೆ ಬಂದ ವೆಲ್ಡರ್ ಗೋಡೆಗೆ ಗುದ್ದಿದ. "ಹೇಡಿ! ದುಡ್ಡು ತಿಂದಿರ್ತಾನೆ ನಿಮ್ಮ ಸಾಕ್ಷಿ. ಯಾವನು ಅವನು ಹೇಳಿ, ಇವತ್ತೇ ಅವನ ಮನೆ ಬಾಗಿಲಲ್ಲಿ ನಿಂತು ಕೇಳ್ತೀನಿ!"

ವಕೀಲಮ್ಮನ ಫೋನ್ ಬಡಿದುಕೊಂಡಿತು. ಕಿವಿಗಿಟ್ಟುಕೊಂಡವರು ಕೊನೆತನಕ ಕೇಳಿಸಿಕೊಂಡು, ನಿಧಾನವಾಗಿ ಕೆಳಗಿಳಿಸಿದರು.

"ಬಯ್ಬೇಡಪ್ಪ ಅವರನ್ನ. ನಿಮ್ಮಪ್ಪನಿಗೋಸ್ಕರ ಟಿಕೆಟ್ ಕಿಟಕಿ ಮುಚ್ಚಿ ರೈಲು ಹತ್ತಿದ್ರಂತೆ, ಯಾವನೋ ಪುಣ್ಯಾತ್ಮ ಫೋಟೋ ತೆಗೆದು ದೂರು ಕೊಟ್ಟು ದಾರೀಲೇ ಇಳಿಸಿಬಿಟ್ನಂತೆ."