ಏಳಬಾರದ ಕೈ

ಮೇಜಿನ ಮೇಲಿದ್ದ ದೊಡ್ಡ ಕತ್ತರಿ ಕಾಣೆಯಾಗಿತ್ತು.

ಗುಂಡಿ ಹಚ್ಚುವ ಕೆಲಸದಿಂದ ಗುಂಡಿಯಮ್ಮನೆಂದೇ ಹೆಸರಾದವಳು ಚಿಂದಿಯ ಬುಟ್ಟಿಯನ್ನೂ ತಡಕಿ ಸೋತು ತಲೆಯೆತ್ತಿದಳು. ಬಾಗಿಲು ದಾಟುತ್ತಿದ್ದ, ಜೊತೆಗೆಲಸದ ಬೆಂಕಿಪೊಟ್ಟಣ ಎಂಬವಳ ಜೇಬಿನಿಂದ ಕತ್ತರಿಯ ಹಿಡಿ ಇಣುಕುತ್ತಿತ್ತು. ಇವತ್ತೇ ಧರಣಿ.

ಹೆರಿಗೆ ರಜೆ ಕೇಳಿದ ತಪ್ಪಿಗೆ ಸಿದ್ಧ ಉಡುಪಿನ ಆ ಕಾರ್ಖಾನೆ ಆರು ಹೆಂಗಸರನ್ನು ಮನೆಗೆ ಕಳಿಸಿತ್ತು. ಅವರಲ್ಲಿ ಗುಂಡಿಯಮ್ಮನ ತಂಗಿಯೂ ಒಬ್ಬಳು. ಉಳಿದ ಅರವತ್ತು ಮಂದಿ ವಾರವಿಡೀ ವಾದ ಮಾಡಿದ್ದರು.

"ಆ ಮೇಸ್ತ್ರಿ ಕೆನ್ನೆಗೆ ಒಂದು ಬಿಟ್ಟರೆ ಆರೂ ಜನ ವಾಪಸ್ ಬರ್ತಾರೆ," ಎಂದಿದ್ದಳು ಬೆಂಕಿಪೊಟ್ಟಣ. ಅಡ್ಡಹೆಸರು ಸುಮ್ಮನೆ ಬಂದಿರಲಿಲ್ಲ.

"ಒಂದು ಬಿಟ್ಟರೆ ಅರವತ್ತೂ ಜನ ಹೊರಗೆ," ಎಂದಿದ್ದಳು ಸಂಘದ ಮುಖಂಡೆ, ಎಲ್ಲರ ಅಕ್ಕ. "ಮಾಲೀಕರು ಕಾಯ್ತಿರೋದೇ ಆ ಒಂದು ಏಟಿಗೆ. ಗಲಭೆ ಅಂತ ಕೇಸು ಹಾಕ್ತಾರೆ."

"ಕೈ ತಾನಾಗೇ ಎದ್ದರೆ?"

"ಏಳದ ಹಾಗೆ ನೋಡ್ಕೋಬೇಕು ಕಣೇ."

ಅದಕ್ಕೆ ಬೆಂಕಿಪೊಟ್ಟಣ ಬಹಳ ಹೊತ್ತು ನಕ್ಕಿದ್ದಳು.

ಗುಂಡಿಯಮ್ಮ ಅಂಗಳಕ್ಕೆ ಓಡಿದಳು. ಅಕ್ಕ ಆಗಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ನೀಲಿ ಕೋಟು, ಎರಡೂ ಕೈ ಜೇಬಿನಲ್ಲಿ. ಸಂಜೆ ಗಾಳಿಸೇವನೆಗೆ ಬಂದವಳಂಥ ನಿರಾಳ.

"ಅಕ್ಕಾ, ಬೆಂಕಿಪೊಟ್ಟಣ ಕತ್ತರಿ ಎತ್ಕೊಂಡು ಬಂದಿದ್ದಾಳೆ!"

"ಗೊತ್ತು. ನನ್ನ ಪಕ್ಕದಲ್ಲೇ ಕೂರಲಿ."

ಎಂಥ ಗುಂಡಿಗೆ! ಗುಂಡಿಯಮ್ಮ ಹಿಂದಿನ ಸಾಲಿನಲ್ಲಿ ಕುಳಿತು, ಅಕ್ಕನ ಪಕ್ಕ ಬಂದು ಕೂತ ಬೆಂಕಿಪೊಟ್ಟಣದ ಜೇಬಿನ ಮೇಲೇ ಕಣ್ಣಿಟ್ಟಳು.

ಬಿಸಿಲೇರಿತು. ಮಹಡಿಯ ಕಿಟಕಿಯಲ್ಲಿ ಮಾಲೀಕರ ಕ್ಯಾಮೆರಾ, ಗೇಟಿನಾಚೆ ಪತ್ರಿಕೆಯವರದು. ಬೆಂಕಿಪೊಟ್ಟಣ ಅಕ್ಕನ ಹಣೆಯ ಬೆವರು ಒರೆಸಿದಳು, ನೀರಿನ ಲೋಟವನ್ನು ಅವಳ ತುಟಿಗೇ ಹಿಡಿದಳು. ಈ ವಿನಯ ಕಂಡಷ್ಟೂ ಗುಂಡಿಯಮ್ಮನಿಗೆ ಭಯ ಹೆಚ್ಚಿತು.

ಮೇಸ್ತ್ರಿ ಬಂದ. "ಬಸುರಿಯರಿಗೆ ಕೂತು ತಿನ್ನೋಕೆ ಇದೇನು ಛತ್ರನಾ?" ಎಂದ. ಯಾರೂ ಮಿಸುಕಲಿಲ್ಲ. ಅಕ್ಕನ ತಲೆಯ ಮೇಲೆ ಒಂದು ಬಕೆಟ್ ನೀರು ಸುರಿದ. ಅವಳ ಕನ್ನಡಕ ಕಿತ್ತು ಬೂಟಿನಡಿ ಹೊಸಕಿದ. ಕೊನೆಗೆ ಬಾಗಿ ಅವಳ ಸತ್ತ ತಾಯಿಯ ಬಗ್ಗೆ ಒಂದು ಮಾತಾಡಿದ.

ಅಕ್ಕನ ಭುಜಗಳು ನಡುಗಿದವು. ಎಲ್ಲೋ ದಾರ ಹರಿದಂತೆ ಪಟ್ ಎಂಬ ಸದ್ದಾಯಿತು. ಮುಖ ಮಾತ್ರ ಕಲ್ಲು. ಬೆಂಕಿಪೊಟ್ಟಣ ತನ್ನ ಜೇಬಿಗೆ ಕೈ ಹಾಕಿದಳು. ಗುಂಡಿಯಮ್ಮ ಕಣ್ಣು ಮುಚ್ಚಿದಳು.

ಏನೂ ಆಗಲಿಲ್ಲ.

ಗೇಟಿನಾಚೆಯ ಕ್ಯಾಮೆರಾ ಮಾತ್ರ ಬಕೆಟ್ಟನ್ನೂ ಬೂಟನ್ನೂ ಬಿಡದೆ ಹಿಡಿದಿತ್ತು. ಅದನ್ನು ಕಿಟಕಿಯಿಂದ ಕಂಡ ಮಾಲೀಕರು ಬೆವರೊರೆಸಿಕೊಳ್ಳುತ್ತ ಕೆಳಗೆ ಬಂದರು. ಮೇಸ್ತ್ರಿಯನ್ನು ನಿಂತಲ್ಲೇ ಕೆಲಸದಿಂದ ತೆಗೆದರು. ಆರೂ ಮಂದಿಯನ್ನು ಮರಳಿ ಸೇರಿಸಿಕೊಳ್ಳುವ ಕಾಗದ ಬರೆಸಿ ಅಕ್ಕನತ್ತ ಪೆನ್ನು ಚಾಚಿದರು.

"ನಮ್ಮ ಕಡೆಯಿಂದ ಬೆಂಕಿಪೊಟ್ಟಣವೇ ಸಹಿ ಹಾಕಲಿ," ಎಂದಳು ಅಕ್ಕ, ಕೂತಲ್ಲಿಂದಲೇ. ಮಾಲೀಕರು ಕೈಕುಲುಕಲು ಬಂದರೆ ಬರೀ ತಲೆ ಬಾಗಿಸಿದಳು. 'ಅಹಿಂಸೆಯ ಸಾಕಾರಮೂರ್ತಿ' ಎಂದು ವರದಿಗಾರ ಗೀಚಿಕೊಂಡ.

ಮೇಸ್ತ್ರಿ ಗೊಣಗುತ್ತ ಗೇಟಿನತ್ತ ಹೊರಟ. ಆಗ ಬೆಂಕಿಪೊಟ್ಟಣ ಕತ್ತರಿ ಹೊರತೆಗೆದಳು.

"ಬೇಡ ಕಣೇ! ಗೆದ್ದಾಯ್ತಲ್ಲ!" ಗುಂಡಿಯಮ್ಮ ಚೀರಿ ಅವಳ ರಟ್ಟೆಗೆ ಜೋತುಬಿದ್ದಳು.

"ಬಿಡೇ ಮಾರಾಯ್ತಿ. ಬೆಳಿಗ್ಗೆ ಹೊಲಿದವಳೂ ನಾನೇ, ಬಿಚ್ಚೋಳೂ ನಾನೇ." ಬೆಂಕಿಪೊಟ್ಟಣ ಅಕ್ಕನ ಮುಂದೆ ಮಂಡಿಯೂರಿದಳು. ಅಕ್ಕನ ಕೋಟಿನ ಎರಡೂ ತೋಳುಗಳ ತುದಿ ಜೇಬುಗಳ ಬಾಯಿಗೆ ಸೇರಿದ್ದವು: ದಪ್ಪ ದಾರ, ಜೋಡಿ ಹೊಲಿಗೆ. ಎಡಗಡೆಯದು ಆಗಲೇ ಅರ್ಧ ಕಿತ್ತುಬಂದಿತ್ತು.

"ಬೇಗ ಕತ್ತರಿಸೇ," ಹಲ್ಲು ಕಚ್ಚಿ ಪಿಸುಗುಟ್ಟಿದಳು ಅಹಿಂಸೆಯ ಸಾಕಾರಮೂರ್ತಿ, "ಅವನಿನ್ನೂ ಗೇಟು ದಾಟಿಲ್ಲ!"