ಏಳನೇ ಮಹಡಿಯ ದಾಖಲೆ

ಸೀಟಿ ಸಾಹೇಬರು ರಜೆ ಅರ್ಜಿಯನ್ನು ತಾವೇ ತುಂಬಿಸಿ ತಂದಿದ್ದರು. ಹೆಸರು, ತಾರೀಖು, "ಸ್ವಂತ ಕೆಲಸದ ನಿಮಿತ್ತ" ಎಂಬ ಕಾರಣ, ಎಲ್ಲವೂ ಅವರದೇ ದುಂಡು ಅಕ್ಷರದಲ್ಲಿ. ದೂರು ವಿಭಾಗದ ಹುಡುಗಿ ಸಹಿ ಹಾಕಿದರೆ ಮುಗಿಯಿತು. ಈ ಹಿಂದೆ ಎರಡು ಸಲ ಹಾಕಿಯೂ ಇದ್ದಳು.

"ನಾಳೆ ಡ್ರಿಲ್ಲು ಕಣಮ್ಮಾ," ಅಂದರು. "ಸಂಬಳ ಹಿಡಿಯಲ್ಲ. ಮನೇಲಿ ಆರಾಮಾಗಿ ಕಾಲು ಚಾಚ್ಕೊಂಡು..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡರು.

"ಅವು ಯಾವಾಗ್ಲೂ ಆರಾಮಾಗೇ ಇರ್ತಾವೆ ಬಿಡಿ ಸಾರ್," ಎಂದು ಗಾಲಿಕುರ್ಚಿಯಲ್ಲಿದ್ದ ಹುಡುಗಿ ನಕ್ಕಳು.

ಸಾಹೇಬರು ಆ ಕಟ್ಟಡದ ಸುರಕ್ಷತಾ ಅಧಿಕಾರಿ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಬೆಂಕಿ ಬಿದ್ದರೆ ಹೇಗೆ ಪಾರಾಗಬೇಕೆಂದು ಕಲಿಸುವ ಡ್ರಿಲ್ಲಿನಲ್ಲಿ ಏಳನೇ ಮಹಡಿಯನ್ನು ನಾಲ್ಕೇ ನಿಮಿಷಕ್ಕೆ ಖಾಲಿ ಮಾಡಿಸಿ, ಕಂಪನಿಯ ಉಳಿದೆಲ್ಲ ಕಟ್ಟಡಗಳನ್ನು ಹಿಂದೆ ಹಾಕಿ, ನಾಲ್ಕು ವರ್ಷ ಬಿಡದೆ ಫಲಕ ಗೆದ್ದಿದ್ದರು. ಐದನೆಯದನ್ನೂ ಗೆದ್ದು ನಿವೃತ್ತರಾಗಬೇಕೆಂಬುದೊಂದೇ ಅವರಿಗೆ ಉಳಿದಿದ್ದ ಆಸೆ. ಹುಡುಗಿ ದೂರು ವಿಭಾಗಕ್ಕೆ ಸೇರಿ ಎರಡು ವರ್ಷ ದಾಟಿತ್ತು. ಕಂಪನಿ ಅವಳಿಗಾಗಿ ಬಾಗಿಲು ಅಗಲ ಮಾಡಿಸಿತ್ತು, ಮೇಜು ತಗ್ಗಿಸಿತ್ತು, ಲಿಫ್ಟಿನ ಗುಂಡಿಗಳನ್ನು ಕೆಳಗಿಳಿಸಿತ್ತು, ಅವಳ ಫೋಟೋ ಹಾಕಿ ಕ್ಯಾಲೆಂಡರನ್ನೂ ಹೊರತಂದಿತ್ತು. ಆದರೆ ಸೈರನ್ ಕೂಗಿದ ಕೂಡಲೇ ಲಿಫ್ಟ್ ನಿಂತುಬಿಡುತ್ತದೆ ಎಂಬುದು ದೊಡ್ಡವರ್ಯಾರ ತಲೆಗೂ ಹೊಳೆದಿರಲಿಲ್ಲ. ಹೊಳೆದದ್ದು ಸೀಟಿ ಸಾಹೇಬರೊಬ್ಬರಿಗೇ, ಅವರು ಕಂಡುಕೊಂಡ ಪರಿಹಾರವೇ ಈ ರಜೆ ಅರ್ಜಿ.

ಹುಡುಗಿ ಪೆನ್ನು ಕೈಗೆತ್ತಿಕೊಂಡಳು. ಮತ್ತೆ ಕೆಳಗಿಟ್ಟಳು.

"ಒಂದು ಮಾತು ಕೇಳ್ಲಾ ಸಾರ್? ನಿಜವಾಗ್ಲೂ ಬೆಂಕಿ ಬೀಳೋ ಹಿಂದಿನ ದಿನಾನೂ ಹೀಗೇ ಬಂದು ಹೇಳ್ತೀರಾ?"

ದಿನವಿಡೀ ಫೋನಿನಲ್ಲಿ ಕಂಡಕಂಡವರ ದೂರು ಕೇಳುವ ಹುಡುಗಿ ತನ್ನದೆಂದು ಹೇಳಿದ ಮೊದಲ ದೂರು ಅದು. ಅದನ್ನೂ ನಗುತ್ತಲೇ ಹೇಳಿದ್ದಳು. ಸಾಹೇಬರಿಗೆ ನಾಚಿಕೆಯಾಯಿತು. ಅರ್ಜಿಯನ್ನು ಮಡಿಸಿ ಜೇಬಿಗೆ ತುರುಕಿಕೊಂಡು ಸೀದಾ ಉಗ್ರಾಣಕ್ಕೆ ಹೋದರು. ನಡೆಯಲಾಗದವರನ್ನು ಮೆಟ್ಟಿಲಿಳಿಸುವ ಕುರ್ಚಿಯೊಂದನ್ನು ಮುಖ್ಯ ಕಚೇರಿ ಬರೀ ನಿಯಮಕ್ಕೆಂದು ಎಂದೋ ಕಳಿಸಿದ್ದು ಅವರಿಗೆ ನೆನಪಿತ್ತು. ಅದು ಮೂಲೆಯಲ್ಲೇ ಇತ್ತು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಅದರ ಮೇಲೆ ಅವರ ನಾಲ್ಕೂ ಫಲಕಗಳನ್ನು ಯಾರೋ ಒಪ್ಪವಾಗಿ ಪೇರಿಸಿಟ್ಟಿದ್ದರು.

ಮರುದಿನ ಹನ್ನೊಂದು ಗಂಟೆಗೆ ಸೈರನ್ ಕೂಗಿತು. ಪ್ರತಿ ಸಲ ಸ್ಟಾಪ್‌ವಾಚ್ ಹಿಡಿದು ಅಂಗಳದಲ್ಲಿ ನಿಲ್ಲುತ್ತಿದ್ದ ಸಾಹೇಬರು ಈ ಸಲ ಅದನ್ನು ಮುಖ್ಯ ಕಚೇರಿಯಿಂದ ಬಂದಿದ್ದ ಮೇಡಂ ಕೈಗೊಪ್ಪಿಸಿ ತಾವು ಏಳನೇ ಮಹಡಿಯಲ್ಲೇ ಇದ್ದರು. ಜನ ದಡದಡನೆ ಇಳಿದುಹೋದರು. ಹುಡುಗಿ ತನ್ನ ತೋಳಿನ ಬಲದಿಂದಲೇ ಹೊಸ ಕುರ್ಚಿಗೆ ಜಾರಿ ಪಟ್ಟಿ ಬಿಗಿದುಕೊಂಡು, ಅದನ್ನು ಬಳಸುವ ಬಗೆ ಹೇಳುವ ಹಾಳೆಯನ್ನು ಬಿಡಿಸಿ ಹಿಡಿದಳು.

"ಎಡಗಡೆ ಕೆಂಪು ಹಿಡಿ ಒತ್ತಿ ಸಾರ್. ಅಯ್ಯೋ, ಅದು ಬಲಗಡೆ."

"ಇದು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ವಲ್ಲಮ್ಮಾ!"

"ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ. ದಯವಿಟ್ಟು ಲೈನಿನಲ್ಲೇ ಇರಿ," ಎಂದಳು ಹುಡುಗಿ, ಗಿರಾಕಿಗಳಿಗೆ ಹೇಳುವ ಅದೇ ಜೇನು ಸುರಿಯುವ ದನಿಯಲ್ಲಿ.

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಸರಿಯಾದ ಹಿಡಿ ಹುಡುಕಿ ಒತ್ತುವಷ್ಟರಲ್ಲಿ ಅವರ ನಾಲ್ಕು ನಿಮಿಷ ಎಂದೋ ಮುಗಿದಿತ್ತು. ಇನ್ನೇನು ಮೆಟ್ಟಿಲಿಗೆ ಇಳಿಯಬೇಕು, ಹಿಂದಿನಿಂದ ಯಾರೋ ಕೆಮ್ಮಿದರು. ನೋಡಿದರೆ ಕಡತದ ಕೋಣೆಯ ಗುಮಾಸ್ತರು, ಕೈಯಲ್ಲಿ ಅರ್ಧ ಬಿಡಿಸಿದ ಪದಬಂಧ.

"ಏನ್ರೀ, ನೀವಿನ್ನೂ ಇಲ್ಲೇ ಇದೀರಾ?"

"ನಾನು ಪ್ರತಿ ಸಲಾನೂ ಇಲ್ಲೇ ಇರ್ತೀನಲ್ಲ ಸಾರ್," ಎಂದರು ಗುಮಾಸ್ತರು, ಸಂಕೋಚದಿಂದ. "ಮಂಡಿ ಕೇಳಬೇಕಲ್ಲ. ಬೀರು ಹಿಂದೆ ಕೂತುಬಿಡ್ತೀನಿ. ಕೆಳಗೆ ನನ್ನ ಹೆಸರು ಕೂಗಿದಾಗ ಯಾರಾದ್ರೂ 'ಇದೀನಿ' ಅಂತಾರೆ. ನಿಮ್ಮ ಫಲಕ ತಪ್ಪಬಾರದು ನೋಡಿ. ಹೋದ ಸಲ ಕಿಟಕಿ ಪಕ್ಕದ ಬಸುರಿ ಹೆಣ್ಣುಮಗಳೂ ನನ್ನ ಜೊತೆಗೇ ಇದ್ರು. ಒಳ್ಳೇ ಹರಟೆ ಆಯ್ತು."

ಬೀರುವಿನ ಹಿಂದೆ ಕೂತು ತಮ್ಮನ್ನು ಗೆಲ್ಲಿಸಿದವರನ್ನು ನೆನೆದು ಸಾಹೇಬರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಬನ್ನಿ ನೀವೂ," ಅಂದರು ಕೊನೆಗೆ. "ನಿಧಾನಕ್ಕೆ ಇಳೀರಿ. ನಿಮ್ಮ ಮಂಡಿ ಎಷ್ಟು ಹೊತ್ತು ಅನ್ನುತ್ತೋ ಅಷ್ಟು ಹೊತ್ತು."

ಅಂಗಳದಲ್ಲಿ ಜನ ಬಿಸಿಲಿಗೆ ಬೇಸತ್ತು ನಿಂತಿದ್ದರು. ಮೂವರೂ ಬಾಗಿಲು ದಾಟಿದಾಗ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು.

"ಹತ್ತೊಂಬತ್ತು ನಿಮಿಷ," ಎಂದು ಮೇಡಂ ಹುಬ್ಬೇರಿಸಿದರು. "ಎಲ್ಲಾ ಕಟ್ಟಡಗಳಿಗಿಂತ ಕೊನೆ. ಏನಾಯ್ತು ನಿಮಗೆ ಈ ಸಲ?"

"ಈ ಸಲ ಎಲ್ಲರೂ ಬಂದ್ರು ಮೇಡಂ," ಎಂದು ಸಾಹೇಬರು ಜೇಬಿಗೆ ಕೈಹಾಕಿದರು. ಕರವಸ್ತ್ರ ಸಿಗಲಿಲ್ಲ. ಸಿಕ್ಕಿದ ರಜೆ ಅರ್ಜಿಯಿಂದಲೇ ಹಣೆಯ ಬೆವರು ಒರೆಸಿಕೊಂಡರು.

ಹುಡುಗಿ ಪಟ್ಟಿ ಬಿಚ್ಚುತ್ತಾ ಕಣ್ಣು ಮಿಟುಕಿಸಿದಳು. "ಮುಂದಿನ ಡ್ರಿಲ್ ಯಾವತ್ತು ಸಾರ್?"

"ಯಾರಿಗೂ ಹೇಳಲ್ಲ ಕಣಮ್ಮಾ," ಎಂದರು ಸೀಟಿ ಸಾಹೇಬರು. "ನಿಂಗೂ ಅಷ್ಟೇ."