ಸ್ವಿಟ್ಜರ್ಲೆಂಡ್ ಟೂರಿಗೆ ಮುಂಚೆ ಬಂದ ಒಂದು ಫೋನ್ ಕಾಲ್

ಹುಬ್ಬಳ್ಳಿಯಲ್ಲಿ ಚನ್ನಬಸಪ್ಪ ಎಂಬ ಸ್ಟೀಲ್ ಪಾತ್ರೆ ವ್ಯಾಪಾರಿ ಇದ್ದರು. ಬೆಳಗ್ಗೆ ಶಟರ್ ಎತ್ತಿದರೆ ರಾತ್ರಿಯೇ ಇಳಿಸುವುದು… ಹಬ್ಬವಿರಲಿ, ಮದುವೆಯಿರಲಿ, ಅಂಗಡಿಯೇ ಅವರ ಪ್ರಪಂಚ.

ಹೆಂಡತಿ ನೀಲಾಂಬಿಕಾ. ಬಂದವರಿಗೆ ಚಹಾ ಕೊಟ್ಟು, ಬಾಗಿಲ ಪಕ್ಕ ನಿಂತು, ಗಂಡನ ಮಾತಿಗೆ ನಗುವ ಹೆಣ್ಣುಮಗಳು.

ಯಾರಾದರೂ "ಹೆಂಗದೀರಿ ವೈನಿ?" ಎಂದು ಕೇಳಿದರೆ ಚನ್ನಬಸಪ್ಪನವರೇ ಉತ್ತರ ಕೊಡುತ್ತಿದ್ದರು. "ಆಕಿಗೇನಾಗೇತಿ, ಗುಂಡಕಲ್ಲು ಇದ್ದಂಗ ಅದಾಳ."

ಅರವತ್ತು ತುಂಬಿದ ವರ್ಷ, ಗೆಳೆಯರೆಲ್ಲ ಹೋಗಿಬಂದರೆಂದು, ಅವರೂ ಸ್ವಿಟ್ಜರ್ಲೆಂಡಿಗೆ ಹತ್ತು ದಿನದ ಟೂರ್ ಬುಕ್ ಮಾಡಿದರು. ಗಂಡ ಹೆಂಡತಿ ಇಬ್ಬರೇ.

ಟ್ರಾವೆಲ್ ಏಜೆಂಟ್ ಎರಡು ಇನ್ಶೂರೆನ್ಸ್ ಪಾಲಿಸಿ ಮುಂದಿಟ್ಟ.

"ಕಾಕಾ, ಇದು ಸೋವಿ. ಆದ್ರ ಮೊದಲಿಂದ ಇರೋ ಜಡ್ಡಿಗೆ ನಡೆಯೂದಿಲ್ಲ. ಇದು ತುಟ್ಟಿ, ಎಲ್ಲಾದಕ್ಕೂ ನಡೀತೈತಿ. ಆದ್ರ ಕಂಪನಿ ಡಾಕ್ಟರು ಫೋನ್ ಮಾಡಿ ಇಬ್ಬರ ಆರೋಗ್ಯಾನೂ ವಿಚಾರಸ್ತಾರ."

"ತುಟ್ಟೀದ ಮಾಡು. ನಮ್ಮಾಕಿ ಮೊದಲನೇ ಸಲ ವಿಮಾನ ಹತ್ತಾಕಿ. ಆಕಿಗೆ ಏನೂ ಕಮ್ಮಿ ಆಗಬಾರದು."

ಡಾಕ್ಟರ್ ಫೋನ್ ಮಾಡುತ್ತಾರೆಂದು ಕೇಳಿ ನೀಲಾಂಬಿಕಾಗೆ ದಿಗಿಲಾಯಿತು.

ಒಗೆದ ಬಟ್ಟೆ ಹಿಡಿದು ಟೆರೇಸ್ ಹತ್ತುವಾಗ ಎದೆ ಹಿಡಿದಂತಾಗುತ್ತಿತ್ತು… ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಟೂರ್ ನಿಂತುಹೋಗುತ್ತದೆ. ಈ ಟೂರ್ ಮಾತ್ರ ಅವರಿಗೆ ಬೇಕೇ ಬೇಕಿತ್ತು.

ಮಧ್ಯಾಹ್ನ ಚನ್ನಬಸಪ್ಪ ಊಟಕ್ಕೆ ಮನೆಗೆ ಬಂದ ಹೊತ್ತಿಗೆ ಫೋನ್ ಬಂತು. ಬೆಂಗಳೂರಿನಿಂದ ಒಬ್ಬ ಲೇಡಿ ಡಾಕ್ಟರ್. ಚನ್ನಬಸಪ್ಪ ಸ್ಪೀಕರ್ ಹಾಕಿ ಫೋನನ್ನು ಟೇಬಲ್ ಮೇಲಿಟ್ಟರು.

ಚನ್ನಬಸಪ್ಪನವರಿಗೆ ಕೇಳಿದ ಪ್ರಶ್ನೆಗಳು ಬೇಗ ಮುಗಿದವು. "ಈಗ ಮೇಡಂ… ನಿಮಗೆ ಬಿಪಿ, ಶುಗರ್ ಏನಾದ್ರೂ ಇದೆಯಾ?"

"ಆಕಿಗೇನೂ ಇಲ್ರೀ," ಎಂದರು ಚನ್ನಬಸಪ್ಪ.

"ಸರ್, ಮೇಡಂ ಅವರೇ ಹೇಳ್ಲಿ."

"ನಾ ಹೇಳಿದ್ರೇನು, ಆಕಿ ಹೇಳಿದ್ರೇನ್ರೀ? ಮನಿ ಒಂದ ಅಲ್ಲೇನು?"

"ಮನೆ ಒಂದೇ ಸರ್. ಹಾರ್ಟ್ ಎರಡಿದೆಯಲ್ಲ."

ನೀಲಾಂಬಿಕಾ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

"ಮೇಡಂ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ?"

ಹೂಂ ಅಂದಿದ್ದರೆ ಸಾಕಿತ್ತು… ಪಾಲಿಸಿ ಆಗುತ್ತಿತ್ತು, ಟೂರ್ ಉಳಿಯುತ್ತಿತ್ತು.

ಆದರೆ ಆ ಕಡೆಯ ದನಿ ಅವಸರ ಮಾಡಲಿಲ್ಲ… ಸುಮ್ಮನೆ ಕಾಯುತ್ತಿತ್ತು.

ತನ್ನ ಉತ್ತರಕ್ಕಾಗಿ ಒಬ್ಬರು ಹೀಗೆ ಕಾದು ಎಷ್ಟು ವರ್ಷವಾಗಿತ್ತೋ. ನೀಲಾಂಬಿಕಾಗೆ ಸುಳ್ಳು ಹೇಳಲಾಗಲಿಲ್ಲ.

"ಇಲ್ರೀ ಡಾಕ್ಟರ್… ಎದಿ ಹಿಡದಂಗ ಆಗತೈತಿ. ಎಡಗೈ ಜೋಮು ಹಿಡೀತೈತಿ. ಎದ್ದು ಅಡಿಗಿ ಮನ್ಯಾಗ ಕೂಡತೀನಿ. ಬೆವರು ಆರಿದ ಮ್ಯಾಲ ಬಂದು ಮಲಗತೀನಿ."

ಚನ್ನಬಸಪ್ಪನವರ ಕೈಯ ತುತ್ತು ಹಾಗೇ ನಿಂತಿತು. "ಯಾವಾಗಿಂದ?"

"ಶ್ರಾವಣದಿಂದ."

"ಮತ್ತ ನಾ ಎಲ್ಲಿದ್ದೆ?"

"ಬಾಜೂಕ ಇದ್ರಿ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ… ಅದೇ ಹೆಚ್ಚು ಚುಚ್ಚಿತು.

"ಮೇಡಂ, ಪಾಲಿಸಿ ವಿಷಯ ಆಮೇಲೆ ನೋಡೋಣ. ಈಗ್ಲೇ ಆಸ್ಪತ್ರೆಗೆ ಹೊರಡಿ. ಸರ್, ಕೇಳಿಸ್ತಾ?"

"ಕೇಳಿಸ್ತ್ರೀ," ಎಂದರು ಚನ್ನಬಸಪ್ಪ. ಅದು ಅವರ ದನಿಯಂತೆಯೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇತ್ತು. ಅಂದೇ ಸ್ಟೆಂಟ್ ಹಾಕಿದರು. "ವಿಮಾನದಲ್ಲಿ ಏನಾದರೂ ಆಗಿದ್ದರೆ…" ಎಂದ ಅಲ್ಲಿಯ ಡಾಕ್ಟರ್ ಮಾತು ಮುಗಿಸಲಿಲ್ಲ.

ಟೂರ್ ಕ್ಯಾನ್ಸಲ್ ಆಯಿತು.

ಮರುದಿನ ಮಂಚದ ಪಕ್ಕ ಕುಳಿತಿದ್ದ ಗಂಡನನ್ನು ನೋಡಿ ನೀಲಾಂಬಿಕಾ ಹೇಳಿದರು, "ಅಂಗಡಿಗೆ ಹೋಗ್ರಿ. ನನಗೀಗ ಆರಾಮ ಐತಿ."

"ಅಂಗಡಿ ಬಾಗಲಾ ಹಾಕೇನಿ." ಅವರ ಹೊದಿಕೆ ಸರಿಮಾಡುತ್ತ ಕೇಳಿದರು… "ಅಲ್ಲ, ಜೀವದ ಮ್ಯಾಲ ಬಂದ್ರೂ ಮುಚ್ಚಿಟ್ಯಲ್ಲ. ಸ್ವಿಟ್ಜರ್ಲೆಂಡ್ ಅಂದ್ರ ಅಷ್ಟ ಆಸೆ ಇತ್ತೇನ? ಬರೂ ವರ್ಷ ಕರಕೊಂಡ ಹೋಗತೀನಿ."

"ನನಗ ಆ ಊರಿನ ಹೆಸರ ಹೇಳಾಕೂ ಬರೂದಿಲ್ರೀ."

"ಮತ್ತ?"

ನೀಲಾಂಬಿಕಾ ಸಲೈನ್ ಬಾಟಲಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದರು…

"ಅಲ್ಲಿ ನಿಮ್ಮ ಅಂಗಡಿ ಇರೂದಿಲ್ಲಲ್ಲ… ಹತ್ತು ದಿನ ನನ್ನ ಜೋಡಿ ಮಾತಾಡ್ತೀರಿ ಅನಕೊಂಡಿದ್ದೆ."

ಬಂದ ಗಿರಾಕಿಯ ಮನಸ್ಸನ್ನು ಮುಖ ನೋಡಿಯೇ ಓದುತ್ತಿದ್ದ ಮನುಷ್ಯ… ಮಂಚದ ಕಂಬಿ ಹಿಡಿದು ಅತ್ತುಬಿಟ್ಟರು. ಲೋಕದಲ್ಲೇ ದೊಡ್ಡ ಪಾಲಿಸಿ ಕೊಡಿಸಲು ಸಿದ್ಧರಿದ್ದರು. ಹೆಂಡತಿ ಕಾದದ್ದು ಯಾವ ಕಂಪನಿಯೂ ಮಾರದ ವಸ್ತುವಿಗೆ.

ಕಣ್ಣೊರೆಸಿಕೊಂಡು ಸ್ಟೂಲನ್ನು ಹತ್ತಿರ ಎಳೆದುಕೊಂಡರು. "ಹೇಳು."

"ಏನ ಹೇಳ್ಲಿ?"

"ಏನರ ಹೇಳು. ಕೇಳತೀನಿ."

ನೀಲಾಂಬಿಕಾ ಯೋಚಿಸಿದರು. ಹೇಳದೇ ಉಳಿದದ್ದು ಎಷ್ಟೊಂದಿತ್ತು… ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗಲಿಲ್ಲ.

"ನಿಮ್ಮ ಅಂಗಿ ಗುಂಡಿ ಕಿತ್ತೈತ್ರಿ," ಎಂದರು ಕೊನೆಗೆ.

ಚನ್ನಬಸಪ್ಪ ಕಾದರು… ಮುಂದಿನ ಮಾತಿಗಾಗಿ.

ಪಕ್ಕದಲ್ಲಿ ಇರುವುದು ಬೇರೆ… ಜೊತೆಯಲ್ಲಿ ಇರುವುದು ಬೇರೆ.

"ಅವಳಿಗೇನಾಗಿದೆ, ಆರಾಮಾಗಿದ್ದಾಳೆ" ಎಂದು ನೀವೇ ಉತ್ತರ ಹೇಳುತ್ತಿರುವ ಒಬ್ಬರು ನಿಮ್ಮ ಮನೆಯಲ್ಲೂ ಇದ್ದಾರಾ? ಅವರನ್ನೇ ಕೇಳಿ, ಉತ್ತರ ಬರುವವರೆಗೂ ನೀವು ಕಾದದ್ದು ಯಾವಾಗ…?